ಸಣ್ಣ ಕೊರತೆ ಕಂಡರೆ ದೊಡ್ಡ ಸಿಟ್ಟು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ, ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ಲೆಕ್ಕಪತ್ರ ಪರಿಶೀಲಿಸುವ ಕೆಲಸ. ಮನೆಯಲ್ಲಿ ಗಂಡ ಮತ್ತು 11 ವರ್ಷದ ಮಗಳು. ತಾನಾಗಿ ಬಂದವರಲ್ಲ, ಗಂಡ ಒತ್ತಾಯ ಮಾಡಿ ಕಳಿಸಿದ್ದರು. ಕೂತ ಕೂಡಲೇ ಹೇಳಿದರು: "ನನಗೇನೂ ತೊಂದರೆ ಇಲ್ಲ. ಮನೆಯವರು ಮಾಡೋ ಕೆಲಸವನ್ನ ಸ್ವಲ್ಪ ನೆಟ್ಟಗೆ ಮಾಡಿದ್ರೆ ಸಾಕು."

ಏನೇನು ಕಿರಿಕಿರಿ ಮಾಡುತ್ತದೆ ಅಂತ ಕೇಳಿದೆ. ಪಟ್ಟಿ ಉದ್ದ ಇತ್ತು. ಒಂದಿಂಚು ತೆರೆದೇ ಉಳಿದ ಡ್ರಾಯರ್. ಅಂಚು ಕೂಡದ ಹಾಗೆ ಮಡಿಸಿದ ಟವೆಲ್. ಪೆನ್ನಿಗೆ ಬೇರೆ ಪೆನ್ನಿನ ಕ್ಯಾಪು. ಮೆಸೇಜಿನಲ್ಲಿ ಬಿಟ್ಟುಹೋದ ಒಂದು ಅಕ್ಷರ. ಇದನ್ನೆಲ್ಲ ಹೇಳುವಾಗ ದನಿ ಏರುತ್ತಿತ್ತು, ಬೆರಳು ಮೇಜಿನ ಮೇಲಿದ್ದ ಕಾಗದದ ಅಂಚನ್ನು ಸರಿಮಾಡುತ್ತಿತ್ತು. ಅದು ಅವರ ಗಮನಕ್ಕೇ ಬಂದಿರಲಿಲ್ಲ.

ಅವರೇ ಹೇಳಿದ ಒಂದು ಪ್ರಸಂಗದಲ್ಲಿ ಇಡೀ ಸಮಸ್ಯೆ ಇದೆ. ಮನೆಗೆ ಹೊಸ ಸ್ವಿಚ್‌ಬೋರ್ಡ್ ಹಾಕಿಸಿದ್ದರು. ಅದರ ಮುಚ್ಚಳ ಎಡಗಡೆ ಕೂದಲೆಳೆಯಷ್ಟು ಕೆಳಗೆ ಕೂತಿತ್ತು. ಗಂಡನಿಗೆ ತೋರಿಸಿದರೂ ಕಾಣಲಿಲ್ಲ. ಆಕೆಯೇ ಸ್ಕ್ರೂ ಸಡಿಲಿಸಿ ನೇರ ಮಾಡಿದರು. ಆಗ ಅದರ ಪಕ್ಕದಲ್ಲಿ ಗೋಡೆಯ ಬಣ್ಣ ಚೂರು ಕಿತ್ತುಬಂತು. ಅಲ್ಲಿಗೆ ಬಣ್ಣ ಹಚ್ಚಿದರು. ಹೊಸ ಬಣ್ಣ ಹಳೆಯದಕ್ಕಿಂತ ತುಸು ತಿಳಿಯಾಗಿ ಕಂಡಿತು. ಇಡೀ ಗೋಡೆಗೆ ಬಣ್ಣ ಬಳಿಸಿದರು. ಈಗ ಆ ಗೋಡೆಯ ಮುಂದೆ ಉಳಿದ ಮೂರು ಗೋಡೆ ಮಾಸಿದಂತೆ ಕಾಣುತ್ತಿದ್ದವು. "ಆ ರೂಮಿಗೆ ಹೋಗೋದೇ ಬೇಡ ಅನ್ಸುತ್ತೆ" ಅಂದರು.

ಮೊದಲ ಭೇಟಿಗಳಲ್ಲಿ ಸಲಹೆ ಏನೂ ಕೊಡಲಿಲ್ಲ. ಕೊರತೆ ಕಣ್ಣಿಗೆ ಬೀಳುವುದಕ್ಕೂ ಸಿಟ್ಟು ಬರುವುದಕ್ಕೂ ನಡುವೆ ಏನಾಗುತ್ತದೆ ಅಂತ ಬರೆದಿಟ್ಟುಕೊಳ್ಳಲು ಮಾತ್ರ ಹೇಳಿದೆ. ನಡುವೆ ಏನೂ ಇಲ್ಲ, ಡ್ರಾಯರ್ ನೋಡಿದ ಕೂಡಲೇ ಸಿಟ್ಟು ಬರುತ್ತದೆ ಅಂತ ಆಕೆ ಗಟ್ಟಿಯಾಗಿ ನಂಬಿದ್ದರು. ಬರೆಯಲು ಶುರುಮಾಡಿದ ಮೇಲೆ ಬೇರೆಯೇ ಕಂಡಿತು. ಮೊದಲು ದವಡೆ ಬಿಗಿಯುತ್ತದೆ, ಎದೆಯ ಹತ್ತಿರ ಏನೋ ಹಿಡಿದಂತಾಗುತ್ತದೆ. ಆಮೇಲೆ "ಇದು ಹೀಗಿರಲೇಬಾರದು" ಅನ್ನುವ ಯೋಚನೆ. ಅದರ ಬೆನ್ನಿಗೇ "ಈ ಮನೆಯಲ್ಲಿ ಯಾರಿಗೂ ನನ್ನ ಬಗ್ಗೆ ಗಮನ ಇಲ್ಲ" ಅನ್ನುವ ತೀರ್ಪು. ಸಿಟ್ಟು ಬರುವುದು ಇದೆಲ್ಲ ಆದ ಮೇಲೆ. ಒಂದಿಂಚು ಡ್ರಾಯರ್‌ನಿಂದ ಯಾರಿಗೂ ನಾನು ಬೇಡ ಅನ್ನುವ ತನಕ ಮನಸ್ಸು ಎರಡು ಸೆಕೆಂಡಿನಲ್ಲಿ ಓಡಿರುತ್ತದೆ.

ಆಲ್ಬರ್ಟ್ ಎಲ್ಲಿಸ್ ಎಂಬ ಮನೋವಿಜ್ಞಾನಿ 1950ರ ದಶಕದಿಂದಲೇ ಹೇಳಿಕೊಂಡು ಬಂದ ವಿಚಾರ ಇಲ್ಲಿ ನೇರವಾಗಿ ಹೊಂದುತ್ತದೆ. ಅಚ್ಚುಕಟ್ಟಾಗಿರಲಿ ಅಂತ ಆಸೆಪಟ್ಟರೆ ಯಾರಿಗೂ ತೊಂದರೆಯಿಲ್ಲ. ಜಗತ್ತು ಹಾಗೆಯೇ ಇರಬೇಕು ಅಂತ ಪಟ್ಟು ಹಿಡಿದಾಗ ಪ್ರತಿ ಸಣ್ಣ ಕೊರತೆಯೂ ಅನ್ಯಾಯದಂತೆ ಕಾಣುತ್ತದೆ.

ಪರ್ಫೆಕ್ಷನಿಸಂ, ಅಂದರೆ ಎಲ್ಲವೂ ಕುಂದಿಲ್ಲದೆ ಇರಲೇಬೇಕು ಅನ್ನುವ ಹಟ, ತನ್ನ ಮೇಲೆ ತಾನೇ ಹೇರಿಕೊಳ್ಳುವ ಒತ್ತಡ ಮಾತ್ರ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಎಂಬ ಸಂಶೋಧಕರು 1991ರಲ್ಲಿ ಇದಕ್ಕೆ ಮೂರು ದಿಕ್ಕುಗಳನ್ನು ಗುರುತಿಸಿದರು. ನಾನು ತಪ್ಪಿಲ್ಲದೆ ಇರಬೇಕು ಅನ್ನುವುದು ಒಂದು. ಬೇರೆಯವರು ತಪ್ಪಿಲ್ಲದೆ ಇರಬೇಕು ಅನ್ನುವುದು ಇನ್ನೊಂದು. ನನ್ನಿಂದ ಜನ ಅದನ್ನೇ ಬಯಸುತ್ತಾರೆ ಅನ್ನುವ ಭಯ ಮೂರನೆಯದು. ಇವರು ಬಂದದ್ದು ಎರಡನೆಯದರ ದೂರು ಹೊತ್ತು. ಕೆದಕುತ್ತಾ ಹೋದಾಗ ಸಿಕ್ಕಿದ್ದು ಮೂರನೆಯದು.

ಚಿಕ್ಕವರಿದ್ದಾಗ ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲವಂತೆ. "ನಾನು ಬಟ್ಟೆ ಮಡಿಸಿಟ್ಟರೆ ಅಮ್ಮ ಬಂದು ಒಂದು ಮಾತೂ ಆಡದೆ ಬಿಚ್ಚಿ ಮತ್ತೆ ಮಡಿಸೋರು. ನಾನು ನಿಂತು ನೋಡ್ತಿದ್ದೆ." ಹೀಗೆ ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಮೊನ್ನೆ ಮಗಳಿಗೆ ಬಟ್ಟೆ ಮಡಿಸು ಅಂದಾಗ ಅವಳು "ಹೇಗೂ ನೀನು ಮತ್ತೆ ಮಾಡ್ತೀಯಲ್ಲ, ನಾನ್ಯಾಕೆ ಮಾಡ್ಲಿ" ಅಂದಿದ್ದಳು. ಅದನ್ನು ಆಕೆ ಸೋಮಾರಿತನ ಅಂತ ನನ್ನ ಹತ್ತಿರ ದೂರಿದ್ದರು. ಈಗ ಎರಡೂ ಮಾತು ಪಕ್ಕಪಕ್ಕ ಬಂದು ಕೂತವು. ನಾನು ವಿವರಿಸುವ ಅಗತ್ಯವೇ ಬರಲಿಲ್ಲ.

ಇಲ್ಲಿ ತಾಯಿಯನ್ನು ತಪ್ಪುಗಾರ್ತಿ ಮಾಡುವುದು ನನಗೆ ಇಷ್ಟವಿಲ್ಲ. ಅವರಿಗೂ ಅದು ಎಲ್ಲಿಂದಲೋ ಬಂದಿರುತ್ತದೆ. ಮಾತಿಲ್ಲದೆ ತಿದ್ದುವುದು ಬೈಗುಳಕ್ಕಿಂತ ಆಳಕ್ಕೆ ಇಳಿಯಬಲ್ಲದು ಅನ್ನುವುದಂತೂ ನಾನು ಮತ್ತೆ ಮತ್ತೆ ನೋಡಿದ ಸಂಗತಿ. ಬೈದರೆ ವಾದ ಮಾಡಬಹುದು. ಮೌನವಾಗಿ ತಿದ್ದಿದರೆ ಮಗುವಿಗೆ ಉಳಿಯುವುದು ಒಂದೇ ಅರ್ಥ: ನಾನು ಮಾಡಿದ್ದು ಲೆಕ್ಕಕ್ಕಿಲ್ಲ.

"ನನಗೆ ಒಸಿಡಿ ಇರಬಹುದಾ?" ಅಂತ ಒಮ್ಮೆ ಕೇಳಿದರು. ಒಸಿಡಿ ಅಂದರೆ ಗೀಳು ಕಾಯಿಲೆ (ಒಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್). ಈ ಮಾತು ಈಗ ಎಲ್ಲರ ಬಾಯಲ್ಲೂ ಸಲೀಸಾಗಿ ಬರುತ್ತದೆ, ಆದರೆ ಆ ಕಾಯಿಲೆ ಇರುವವರ ಪಾಡು ಬೇರೆ. ಅಲ್ಲಿ ಬೇಡವಾದ ಯೋಚನೆಗಳು ನುಗ್ಗುತ್ತವೆ, ಅವು ಅತಿಯಾದವು ಅಂತ ಬಹಳಷ್ಟು ಸಲ ಅವರಿಗೇ ಗೊತ್ತಿರುತ್ತದೆ. ಆದರೂ ತೊಳೆಯುವುದು, ಎಣಿಸುವುದು, ಪರೀಕ್ಷಿಸುವುದು ನಿಲ್ಲಿಸಲು ಆಗುವುದಿಲ್ಲ, ದಿನದ ಎಷ್ಟೋ ಹೊತ್ತು ಅದಕ್ಕೇ ಹೋಗುತ್ತದೆ. ಇವರಲ್ಲಿ ಹಾಗಿರಲಿಲ್ಲ. ತನ್ನ ರೀತಿಯೇ ಸರಿ, ಉಳಿದವರು ಬದಲಾಗಬೇಕು ಅನ್ನುವ ಹಟ ಬದುಕಿನ ಎಲ್ಲ ಕಡೆ ಬೇರೂರಿದ್ದರೆ ವ್ಯಕ್ತಿತ್ವದ ತೊಂದರೆಯ ಬಗ್ಗೆಯೂ ಯೋಚಿಸಬೇಕಾಗುತ್ತದೆ. ಇವರು ಗೆಳತಿಯರ ಜೊತೆ ಹಗುರಾಗಿದ್ದರು, ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುತ್ತಿದ್ದರು. ಎರಡರಲ್ಲಿ ಯಾವುದರ ಅನುಮಾನ ಬಂದಿದ್ದರೂ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಒಸಿಡಿ ಚಿಕಿತ್ಸೆಯ ಒಂದು ಪಾಠ ಮಾತ್ರ ಇಲ್ಲಿಗೂ ಒದಗುತ್ತದೆ. 1966ರಲ್ಲಿ ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ, ಕಳವಳ ಹುಟ್ಟಿಸುವ ಸಂದರ್ಭಕ್ಕೆ ರೋಗಿಗಳನ್ನು ಒಡ್ಡಿ, ಅದನ್ನು ತಣಿಸಲು ಅವರು ಮಾಡುತ್ತಿದ್ದ ಕ್ರಿಯೆಯನ್ನು ತಡೆದರೆ ಸುಧಾರಣೆ ಆಗುತ್ತದೆ ಅಂತ ವರದಿ ಮಾಡಿದರು. ಡ್ರಾಯರ್ ಮುಚ್ಚಿದಾಗ ಎದೆಯ ಬಿಗಿ ಸಡಿಲವಾಗುತ್ತದೆ. ಆ ಹಾಯೆನಿಸುವಿಕೆಯೇ ಮುಂದಿನ ಸಲ ಇನ್ನೂ ಬೇಗ ಮುಚ್ಚು ಅಂತ ಕಲಿಸುತ್ತದೆ. ತುರಿಕೆಯನ್ನು ಕೆರೆದ ಹಾಗೆ, ಆ ಕ್ಷಣಕ್ಕೆ ಸುಖ, ಆಮೇಲೆ ಇನ್ನೂ ಜಾಸ್ತಿ.

ಹಾಗಾಗಿ "ಅಡ್ಜಸ್ಟ್ ಮಾಡ್ಕೊಳ್ಳಿ, ತಲೆ ಕೆಡಿಸ್ಕೋಬೇಡಿ" ಅಂತ ನಾನು ಹೇಳಲಿಲ್ಲ. ಅದನ್ನು ಅವರು ಗಂಡನಿಂದ ಸಾಕಷ್ಟು ಕೇಳಿದ್ದರು. ನಾನು ಕೊಟ್ಟ ಕೆಲಸ ಇದು: ದಿನಕ್ಕೊಮ್ಮೆ, ಬೇಕೆಂದೇ, ಡ್ರಾಯರನ್ನು ಒಂದಿಂಚು ತೆರೆದಿಡಿ. ಅದು ಕಾಣುವ ಹಾಗೆ ಕೂತುಕೊಳ್ಳಿ. ಕಿರಿಕಿರಿ ಎಷ್ಟಿದೆ ಅಂತ 0ಯಿಂದ 100ರ ಒಳಗೆ ಒಂದು ಸಂಖ್ಯೆ ಬರೆಯಿರಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರೆಯಿರಿ. ಆ ಸಂಖ್ಯೆ ತಾನಾಗಿ ಅರ್ಧಕ್ಕೆ ಇಳಿಯುವ ತನಕ ಮುಟ್ಟಬೇಡಿ.

ಮೊದಲ ದಿನ 70 ಬರೆದು ಕೆಲವೇ ನಿಮಿಷದಲ್ಲಿ ಎದ್ದು ಮುಚ್ಚಿದರಂತೆ. ನಾಚಿಕೊಂಡು ಹೇಳಿದರು. ಅದು ಸೋಲೇನಲ್ಲ, ಹೆಜ್ಜೆ ದೊಡ್ಡದಾಯಿತು ಅಷ್ಟೇ. ಕಾಲು ಇಂಚಿನಿಂದ ಶುರುಮಾಡಿದೆವು. ಆಗ ಸಂಖ್ಯೆ ಇಳಿಯಿತು, ಆದರೆ ಮರುದಿನ ಮತ್ತೆ ಅಷ್ಟೇ ಎತ್ತರಕ್ಕೆ ಹೋಗುತ್ತಿತ್ತು. ಯಾಕೆ ಅಂತ ಬಿಡಿಸಿ ಕೇಳಿದಾಗ ಗೊತ್ತಾಯಿತು, ಕೂತಷ್ಟು ಹೊತ್ತೂ ಆಕೆ ಮನಸ್ಸಿನಲ್ಲಿ "ಆಮೇಲೆ ಮುಚ್ತೀನಿ, ಆಮೇಲೆ ಮುಚ್ತೀನಿ" ಅಂತ ಹೇಳಿಕೊಳ್ಳುತ್ತಿದ್ದರು. ಕೈ ಸುಮ್ಮನಿದ್ದರೂ ಮನಸ್ಸು ಮುಚ್ಚಿಬಿಟ್ಟಿತ್ತು. ಈ ಒಳಗಿನ ತಿದ್ದುಪಡಿಯನ್ನು ನಿಲ್ಲಿಸದಿದ್ದರೆ ಹೊರಗಿನ ಅಭ್ಯಾಸದಿಂದ ಪ್ರಯೋಜನ ಕಡಿಮೆ. "ಇವತ್ತು ರಾತ್ರಿ ಇದು ಹೀಗೇ ಇರುತ್ತದೆ" ಅಂತ ಹೇಳಿಕೊಂಡು ಕೂರಲು ಸೂಚಿಸಿದೆ. ಒಂದೆರಡು ರಾತ್ರಿ ಕಷ್ಟವಾಯಿತು. ಆಮೇಲೆ ಬದಲಾವಣೆ ಕಾಣತೊಡಗಿತು.

"ಹಾಗಾದ್ರೆ ಇನ್ಮೇಲೆ ಎಲ್ಲದನ್ನೂ ಹೇಗೋ ಇರಲಿ ಅಂತ ಬಿಡಬೇಕಾ?" ಅಂತ ಆಕೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಖಂಡಿತ ಬೇಡ. ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೆ ಯಾರಿಗೋ ನಷ್ಟ. ಔಷಧದ ಅಳತೆ, ವಾಹನದ ಬ್ರೇಕು, ವಿದ್ಯುತ್ ತಂತಿ, ಇಲ್ಲೆಲ್ಲ ಅವರಂಥ ಕಣ್ಣು ಬೇಕು. ಅದಕ್ಕೇ ತಿದ್ದಲು ಕೈ ಎತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲು ಹೇಳಿದೆ: ಇದನ್ನು ಹೀಗೇ ಬಿಟ್ಟರೆ ಯಾರಿಗೆ ಏನು ಹಾನಿ? ಹೆಸರಿಟ್ಟು ಹೇಳಬಹುದಾದ ಹಾನಿ ಇದ್ದರೆ ತಿದ್ದಿ. "ನನಗೆ ಕಿರಿಕಿರಿ" ಅನ್ನುವುದೊಂದೇ ಉತ್ತರವಾದರೆ ಅದು ಅಭ್ಯಾಸಕ್ಕೆ ಸಿಕ್ಕ ಅವಕಾಶ.

ಬೇರೆಯವರು ಮಾಡಿದ ಕೆಲಸಕ್ಕೆ ನಿಯಮ ಇನ್ನೂ ಬಿಗಿ. ಅವರು ಮುಗಿಸಿದ್ದನ್ನು ಮತ್ತೆ ಮಾಡುವಂತಿಲ್ಲ. ಒಂದು ಕೆಲಸ ಹೀಗೇ ಆಗಬೇಕು ಅಂತಿದ್ದರೆ ಶುರುವಿನಲ್ಲೇ ಹೇಳಬೇಕು. ಹೇಳಲಿಲ್ಲವಾದರೆ ಬಂದದ್ದನ್ನು ಒಪ್ಪಿಕೊಳ್ಳಬೇಕು. ಮಗಳಿಗೆ ಆಕೆ "ಇನ್ಮೇಲೆ ನೀನು ಮಡಿಸಿದ್ದನ್ನ ನಾನು ಮುಟ್ಟಲ್ಲ" ಅಂದರು. ಹುಡುಗಿ ನಂಬಲಿಲ್ಲ. ಬೇಕೆಂದೇ ಒಂದು ಅಂಗಿಯನ್ನು ಮುದ್ದೆ ಮಾಡಿ ಕಪಾಟಿನಲ್ಲಿಟ್ಟು ದಿನಾ ನೋಡುತ್ತಿದ್ದಳು. ಅಂಗಿ ಹಾಗೇ ಇತ್ತು. ವಾರ ಕಳೆದ ಮೇಲೆ ಅವಳೇ ಮಡಿಸಿದಳು, ತೋಳು ಹೊರಗೆ ಬಂದಿತ್ತು. ಆ ತೋಳನ್ನು ಒಳಗೆ ಸೇರಿಸದೆ ಕಪಾಟಿನ ಬಾಗಿಲು ಹಾಕಿದ್ದು ತಾನು ಮಾಡಿದ ಅತಿ ಕಷ್ಟದ ಕೆಲಸ ಅಂತ ಆಕೆ ನನಗೆ ಹೇಳಿದರು. ನನಗೂ ಹಾಗೇ ಅನಿಸಿತು.

ಗಂಡನನ್ನೂ ಒಮ್ಮೆ ಕರೆಸಿದೆ. ಇದನ್ನು ಒತ್ತಿ ಹೇಳಬೇಕು. ಮನೆಕೆಲಸದ ನೆನಪು, ಯೋಜನೆ, ಮೇಲ್ವಿಚಾರಣೆ ಪೂರ್ತಿ ಆಕೆಯ ತಲೆಯ ಮೇಲಿತ್ತು. ಗಂಡ ಹೇಳಿದ್ದನ್ನು ಮಾಡುತ್ತಿದ್ದರು, ಅದೂ ಅರೆಬರೆ. ಹಾಗಿದ್ದಾಗ ತೆರೆದ ಡ್ರಾಯರ್ ಬರೀ ಡ್ರಾಯರ್ ಆಗಿರುವುದಿಲ್ಲ, ಅಲ್ವಾ? "ಯಾರಿಗೂ ಗಮನ ಇಲ್ಲ" ಅನ್ನುವ ದೂರಿನಲ್ಲಿ ನಿಜವೂ ಇತ್ತು. ಪರ್ಫೆಕ್ಷನಿಸ್ಟ್ ಅನ್ನುವ ಹಣೆಪಟ್ಟಿ ಹಚ್ಚಿ ಅಂಥ ದೂರನ್ನು ತಳ್ಳಿಹಾಕುವುದು ತಪ್ಪು. ಬಟ್ಟೆ ಮತ್ತು ಮಗಳ ಶಾಲೆಯ ಸಂಗತಿಗಳನ್ನು ಗಂಡ ಪೂರ್ತಿಯಾಗಿ ವಹಿಸಿಕೊಳ್ಳುವುದು, ಅವು ಹೇಗೆ ಆಗಬೇಕು ಅನ್ನುವುದನ್ನೂ ಅವರೇ ನಿರ್ಧರಿಸುವುದು ಅಂತಾಯಿತು. ತಮಾಷೆಗೆ ವಸ್ತುಗಳನ್ನು ಸೊಟ್ಟ ಇಟ್ಟು ಆಕೆಯನ್ನು ಪರೀಕ್ಷಿಸುವ ಚಾಳಿ ಅವರಿಗಿತ್ತು. ಅದನ್ನು ಬಿಡಲೇಬೇಕು ಅಂತ ಸ್ಪಷ್ಟವಾಗಿ ಹೇಳಿದೆ.

ಬರೆದಿಟ್ಟ ಹಾಳೆಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ನಿದ್ದೆ ಕಡಿಮೆಯಾದ ಮರುದಿನ ಅದೇ ಕಾಲು ಇಂಚಿಗೆ ಸಂಖ್ಯೆ ಹೆಚ್ಚಿರುತ್ತಿತ್ತು. ಕಿರಿಕಿರಿ ಏರಿದಾಗ "ನಾನು ದಣಿದಿದ್ದೀನಾ?" ಅಂತ ಮೊದಲು ಕೇಳಿಕೊಳ್ಳುವುದೂ ನಮ್ಮ ಸೂಚನೆಗಳಲ್ಲಿ ಸೇರಿತು.

ಈಗ ಮನೆಯ ಮಟ್ಟಿಗೆ ಸಿಟ್ಟು ಇಳಿದಿದೆ. ಕೊರತೆ ಕಣ್ಣಿಗೆ ಬೀಳುವುದು ನಿಂತಿಲ್ಲ, ಅದು ನಿಲ್ಲಬೇಕು ಅಂತ ನಾವು ಗುರಿ ಇಟ್ಟುಕೊಂಡೂ ಇರಲಿಲ್ಲ. ಆಫೀಸಿನ ಇಮೇಲ್ ಕಳಿಸುವ ಮೊದಲು ಏಳೆಂಟು ಸಲ ಓದುವ ಅಭ್ಯಾಸ ಹಾಗೇ ಉಳಿದಿದೆ. ಅಲ್ಲಿ ಮಾತಾಡುತ್ತಿರುವುದು ಜನ ಏನಂದಾರು ಅನ್ನುವ ಆ ಮೂರನೆಯ ಭಯ, ಅದಕ್ಕೆ ಹೆಚ್ಚು ಸಮಯ ಬೇಕು. ಸದ್ಯಕ್ಕೆ ಕೊಟ್ಟ ಕೆಲಸ: ಅಂಕಿಸಂಖ್ಯೆ ಇರುವ ಇಮೇಲನ್ನು ಎರಡು ಸಲ ಓದಿ, ಉಳಿದವನ್ನು ಒಂದೇ ಸಲ ಓದಿ ಕಳಿಸಿ, ಕಳಿಸಿದ ಮೇಲೆ ತೆರೆದು ನೋಡಬೇಡಿ. ಯಾರಾದರೂ ತಪ್ಪು ತೋರಿಸಿದರೆ ಅವರು ಏನಂದರು ಅನ್ನುವುದನ್ನು ಇದ್ದ ಹಾಗೇ ಬರೆದುಕೊಂಡು ಮುಂದಿನ ಭೇಟಿಗೆ ತನ್ನಿ.