ನಕ್ಕ, ನಗಿದ, ನಗಾಡಿದ: ‘ನಗು’ ಕುರಿತ ಐದು ಪ್ರಶ್ನೆಗಳು

‘ನಗಿದ’ ಅನ್ನುವುದು ತಪ್ಪು ಎಂದು ಮಗಳನ್ನು ತಿದ್ದುತ್ತೇನೆ. ‘ಯಾಕೆ ತಪ್ಪು?’ ಅಂದರೆ ಹೇಳಲು ಬರುವುದಿಲ್ಲ.

ನಿಮ್ಮ ಮಗಳ ಲೆಕ್ಕ ಪೂರ್ತಿ ತಪ್ಪಲ್ಲ. ಜಗಿ–ಜಗಿದ, ಅಗಿ–ಅಗಿದ, ಬಿಗಿ–ಬಿಗಿದ ಎಂದು ಕೇಳಿದ ಕಿವಿಗೆ ‘ನಗಿದ’ ಸಹಜವಾಗಿಯೇ ಹೊಳೆಯುತ್ತದೆ. ಆದರೆ ಅವೆಲ್ಲ ಇಕಾರದಲ್ಲಿ ಮುಗಿಯುವ ಧಾತುಗಳು. ನಗು ಉಕಾರದಲ್ಲಿ ಮುಗಿಯುವ, ಎರಡೇ ಅಕ್ಷರದ ಧಾತು, ಅದರ ಮೊದಲ ಅಕ್ಷರ ಹ್ರಸ್ವ. ಇಂಥ ಧಾತುಗಳದ್ದು ಬೇರೆ ದಾರಿ: ಗು ಇದ್ದಲ್ಲಿ ಕ್ಕ, ಡು ಇದ್ದಲ್ಲಿ ಟ್ಟ, ರು ಇದ್ದಲ್ಲಿ ತ್ತ ಬರುತ್ತದೆ. ನಗು–ನಕ್ಕ, ಸಿಗು–ಸಿಕ್ಕ, ಹೊಗು–ಹೊಕ್ಕ, ಕೊಡು–ಕೊಟ್ಟ, ಸುಡು–ಸುಟ್ಟ, ಹೆರು–ಹೆತ್ತ, ಹೊರು–ಹೊತ್ತ. ಮೊದಲ ಅಕ್ಷರ ದೀರ್ಘವಾದರೆ ಈ ಗಟ್ಟಿತನ ಕಾಣುವುದಿಲ್ಲ: ಕೂಗು–ಕೂಗಿದ, ಸಾಗು–ಸಾಗಿದ, ಮಾಡು–ಮಾಡಿದ. ಬರು, ತರು, ಇರು ಈ ಲೆಕ್ಕಕ್ಕೆ ಸಿಗುವುದಿಲ್ಲ, ಅವನ್ನು ಬಾಯಿಪಾಠವೇ ಮಾಡಬೇಕು. ಆಗು, ಹೋಗು ಕೂಡ ಹಾಗೇ.

ಮಗುವಿಗೆ ಸೂತ್ರ ಹೇಳಬೇಡಿ. ‘ಸಿಗು–ಸಿಕ್ಕ, ನಗು–?’ ಎಂದು ಕೇಳಿ, ಉತ್ತರ ತಾನಾಗಿ ಬರುತ್ತದೆ.

‘ನಗಾಡಿದ’ ಸರಿಯೇ. ಅದರಲ್ಲಿ ಕೊನೆಗೆ ಇರುವುದು ‘ಆಡು’, ಅದು ದೀರ್ಘ. ‘ನಗಿಸಿದ’ ಎಂಬಲ್ಲಿಯೂ ‘ಇಸು’ ತನ್ನ ದಾರಿ ಹಿಡಿಯುತ್ತದೆ. ನಿಷೇಧದಲ್ಲಿ ‘ನಗದೆ’ ಎನ್ನಬೇಕು, ‘ನಗುದೆ’ ಅಲ್ಲ.

ನಗು, ನಗೆ – ಎರಡೂ ಒಂದೇ ಅಲ್ಲವೇ?

ಅರ್ಥ ಒಂದೇ, ಕೆಲಸ ಬೇರೆ. ನಗು ಕ್ರಿಯಾಪದವೂ ಹೌದು, ನಾಮಪದವೂ ಹೌದು. ನಗೆ ನಾಮಪದ ಮಾತ್ರ. ಮಾತಿನಲ್ಲಿ ‘ನಗು ಬಂತು’ ಎನ್ನುತ್ತೇವೆ, ಉತ್ತರ ಕರ್ನಾಟಕದ ಕಡೆ ‘ನಗಿ ಬಂತು’. ಸಮಾಸ ಕಟ್ಟುವಾಗ ನಗೆಯದೇ ಮೇಲುಗೈ: ನಗೆಹನಿ, ನಗೆಬರಹ, ನಗೆಚಟಾಕಿ, ನಗೆಪಾಟಲು. ಇಲ್ಲೆಲ್ಲ ‘ನಗು’ ಹಾಕಿದರೆ ಕಿವಿಗೆ ಒಗ್ಗುವುದಿಲ್ಲ. ನಗುಮೊಗ ಎಂಬುದು ‘ನಗುವ ಮೊಗ’. ಅಲ್ಲಿ ಧಾತುವೇ ವಿಶೇಷಣವಾಗಿ ನಿಂತಿದೆ, ‘ಸುಡುಬಿಸಿಲು’ ಎಂಬಲ್ಲಿ ‘ಸುಡು’ ನಿಂತ ಹಾಗೆ.

‘ಎಲ್ಲರೂ ನನ್ನ ಮೇಲೆ ನಕ್ಕರು’ – ಇದು ಕನ್ನಡವೇ?

ಅಕ್ಷರ ಕನ್ನಡದ್ದು, ಜೋಡಣೆ ಇಂಗ್ಲಿಷ್ ಅಥವಾ ಹಿಂದಿಯದು. ಸಿಟ್ಟು, ಪ್ರೀತಿ, ಅನುಮಾನ ‘ಮೇಲೆ’ ಬರುತ್ತವೆ, ನಗು ಬರುವುದಿಲ್ಲ. ವ್ಯಕ್ತಿಯಾದರೆ ‘ನನ್ನನ್ನು ನೋಡಿ ನಕ್ಕರು’ ಅಥವಾ ‘ನನ್ನನ್ನು ಕಂಡು ನಕ್ಕರು’. ಮಾತೋ ಕೆಲಸವೋ ಆದರೆ ‘ಗೆ’ ಸಾಕು: ‘ನನ್ನ ಮಾತಿಗೆ ನಕ್ಕರು’. ಆದರೆ ಇವೆರಡರಲ್ಲೂ ನಕ್ಕವರು ಮೆಚ್ಚಿ ನಕ್ಕರೋ ಹೀಯಾಳಿಸಿದರೋ ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಪಕ್ಕದ ಕ್ರಿಯಾಪದ. ‘ಆಡಿಕೊಂಡು ನಕ್ಕರು’ ಅಂದರೆ ಹೀಯಾಳಿಕೆ ಖಚಿತ. ‘ನಕ್ಕುಬಿಟ್ಟರು’ ಅಂದರೆ ತಡೆಯಲಾಗಲಿಲ್ಲ. ‘ನಕ್ಕು ಸುಮ್ಮನಾದರು’ ಅಂದರೆ ಉತ್ತರ ಕೊಡಲು ಮನಸ್ಸಿಲ್ಲ. ‘ನಗುನಗುತ್ತಾ ಒಪ್ಪಿಕೊಂಡರು’ ಎಂಬುದರಲ್ಲಿ ಖುಷಿಯಿದೆ. ‘ನಕ್ಕೂ ನಕ್ಕೂ ಸುಸ್ತಾದರು’ ಎಂಬುದರಲ್ಲಿ ಪ್ರಮಾಣವಿದೆ.

‘ನಾನು ನಕ್ಕೆ’ ಮತ್ತು ‘ನನಗೆ ನಗು ಬಂತು’ ಕೂಡ ಒಂದೇ ಅಲ್ಲ. ನಗು ಬಂದರೂ ನಗದೆ ಇರಬಹುದು. ಸಾವಿನ ಮನೆಯಲ್ಲಿ ನಗು ಬಂದವನನ್ನು ಕ್ಷಮಿಸುತ್ತಾರೆ, ನಕ್ಕವನನ್ನು ಕ್ಷಮಿಸುವುದಿಲ್ಲ.

ಕತೆಗಳನ್ನು ಅನುವಾದಿಸುತ್ತೇನೆ. ಸ್ಮೈಲ್ ಬಂದಲ್ಲೆಲ್ಲ ‘ಮುಗುಳ್ನಕ್ಕರು’ ಎಂದು ಬರೆದು ಬೇಸರ ಬಂದಿದೆ.

ಓದುವವರಿಗೂ ಬಂದಿರುತ್ತದೆ! ಕನ್ನಡದ ‘ನಗು’ ಸದ್ದಿಲ್ಲದ ನಗುವನ್ನೂ ಸದ್ದಿನ ನಗುವನ್ನೂ ಒಳಗೊಳ್ಳುತ್ತದೆ. ಫೋಟೊ ತೆಗೆಯುವವನು ‘ಸ್ವಲ್ಪ ನಗಿ ಸಾರ್’ ಎಂದರೆ ಯಾರೂ ಗಹಗಹಿಸುವುದಿಲ್ಲ. ಆದ್ದರಿಂದ ಸನ್ನಿವೇಶ ಸ್ಪಷ್ಟವಿದ್ದಲ್ಲಿ ಬರೀ ‘ನಕ್ಕಳು’ ಸಾಕು. ವ್ಯತ್ಯಾಸ ಮುಖ್ಯವಾದಾಗ ಮಾತ್ರ ಹೆಚ್ಚಿನ ಪದ ಹುಡುಕಿ. ಸದ್ದನ್ನು ಹಿಡಿಯಬೇಕಾದರೆ ಅನುಕರಣ ಪದಗಳಿವೆ: ತಡೆದದ್ದು ಸಿಡಿದರೆ ಕಿಸಕ್ಕನೆ, ಮಕ್ಕಳದ್ದು ಕಿಲಕಿಲ, ಬಾಯಿ ಮುಚ್ಚಿಕೊಂಡದ್ದು ಮುಸಿಮುಸಿ. ಸಿಕ್ಕಿಬಿದ್ದವನು ಹುಳ್ಳಗೆ ನಗುತ್ತಾನೆ, ಸೋತವನು ಪೆಚ್ಚಾಗಿ. ಪರಿಚಯವಿದೆ, ಮಾತು ಬೇಡ ಎಂಬಂಥದ್ದಕ್ಕೆ ‘ದೇಶಾವರಿ ನಗೆ’ ಎಂಬ ಒಳ್ಳೆಯ ಮಾತಿದೆ, ಅದನ್ನು ನಾವು ಸಾಕಷ್ಟು ಬಳಸುತ್ತಿಲ್ಲ. ‘ಹಲ್ಲು ಕಿರಿ’ ಎಂಬುದನ್ನು ಎಚ್ಚರದಿಂದ ಬಳಸಿ. ಅದರಲ್ಲಿ ದೈನ್ಯವೋ ತಿರಸ್ಕಾರವೋ ಇದ್ದೇ ಇರುತ್ತದೆ.

ಒಂದು ವ್ಯಾಕರಣದ ತೊಡಕು: ಮುಗುಳ್ನಕ್ಕ, ನಸುನಕ್ಕ ನಡೆಯುತ್ತವೆ, ‘ಕಿರುನಕ್ಕ’ ನಡೆಯುವುದಿಲ್ಲ. ಅಲ್ಲಿ ‘ಕಿರುನಗೆ ಬೀರಿದ’ ಅಥವಾ ‘ಸೂಸಿದ’ ಎನ್ನಬೇಕು.

ಮಟ್ಟಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಲು ಭರತನ ನಾಟ್ಯಶಾಸ್ತ್ರದ ಆರು ವಿಧಗಳು ಉಪಯೋಗಕ್ಕೆ ಬರುತ್ತವೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಸ್ಮಿತದಲ್ಲಿ ಹಲ್ಲು ಕಾಣದು, ಹಸಿತದಲ್ಲಿ ತುಸು ಕಾಣುತ್ತದೆ, ಅತಿಹಸಿತಕ್ಕೆ ಬಂದರೆ ಕಣ್ಣಲ್ಲಿ ನೀರು, ಕೈ ಪಕ್ಕೆಯ ಮೇಲೆ. ಭರತ ಇವನ್ನು ಎರಡೆರಡಾಗಿ ಉತ್ತಮ, ಮಧ್ಯಮ, ಅಧಮ ಪಾತ್ರಗಳಿಗೆ ಹಂಚಿದ್ದಾನೆ. ಆ ಹಂಚಿಕೆ ನಿಮಗೆ ಬೇಡ, ಕಣ್ಣು, ಹಲ್ಲು, ಹೆಗಲನ್ನು ಗಮನಿಸುವ ಕ್ರಮ ಬೇಕು.

ನಗೆಗೇಡೋ ನಗೆಗೀಡೋ? ‘ಹಾಸ್ಯಾಸ್ಪದ ಭಾಷಣ’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಹಾಕಬಹುದೇ?

ಎರಡೂ ಇವೆ. ನಗೆ+ಕೇಡು ಸೇರಿ ನಗೆಗೇಡು: ಕ ಹೋಗಿ ಗ ಬಂದಿದೆ, ಇದು ಆದೇಶ ಸಂಧಿ. ನಗೆಗೆ+ಈಡು (ಗುರಿ) ಸೇರಿ ನಗೆಗೀಡು, ಇದು ಲೋಪ ಸಂಧಿ. ಹಾಗಾಗಿ ‘ದೊಡ್ಡ ನಗೆಗೇಡಾಯಿತು’ ಎನ್ನಿ. ವ್ಯಕ್ತಿಯ ಬಗ್ಗೆ ಹೇಳುವಾಗ ‘ನಗೆಗೀಡಾದ’. ‘ನಗೆಗೀಡಿಗೆ ಗುರಿಯಾದ’ ಎಂದರೆ ಈಡೂ ಗುರಿಯೂ ಒಂದರ ಮೇಲೊಂದು ಬಿದ್ದಂತೆ, ಬರೆಯಬೇಡಿ.

ಇನ್ನು ಆಮಂತ್ರಣ ಪತ್ರಿಕೆ. ಹಾಸ್ಯಾಸ್ಪದ ಎಂದರೆ ಅಪಹಾಸ್ಯಕ್ಕೆ ತಕ್ಕದ್ದು. ಅಚ್ಚಿಗೆ ಹೋಗುವ ಮೊದಲೇ ‘ಹಾಸ್ಯ ಭಾಷಣ’ ಎಂದು ತಿದ್ದಿ. ಭಾಷಣಕಾರರು ಬರುವ ದಾರಿಯಲ್ಲಿ ಅದನ್ನು ಓದಿಬಿಟ್ಟರೆ ಕಷ್ಟ.