ಪ್ರತಿಕ್ರಿಯೆ: ಬಕ್ ಸೋದರರ ಲಂಡನ್ ಚಿತ್ರದ ಬಲ ಅಂಚು ಕತ್ತರಿಸಿದ್ದಾರೆಯೇ?

ನಿಮ್ಮಲ್ಲಿರುವ ಚೌಕಟ್ಟಿನ ಚಿತ್ರದಲ್ಲಿ ಕಟ್ಟಡಗಳು ಬಲಗಡೆ ಥಟ್ಟನೆ ನಿಲ್ಲುತ್ತವೆ, ಅಂಚು ಕತ್ತರಿಸಿದ್ದಾರೆಯೇ ಎಂದು ಕೇಳಿದ್ದೀರಿ. ಬಹುಶಃ ಇಲ್ಲ. ತಾಮ್ರದ ತಗಡಿನಲ್ಲಿ ಚಿತ್ರ ಕೆತ್ತಿ ಅಚ್ಚು ಹಾಕುತ್ತಿದ್ದ ಇಂಗ್ಲಿಷ್ ಸೋದರರಾದ ಸ್ಯಾಮ್ಯುಯೆಲ್ ಮತ್ತು ನಥಾನಿಯೆಲ್ ಬಕ್ 1749ರಲ್ಲಿ ಥೇಮ್ಸ್ ದಂಡೆಯ ಲಂಡನ್ನನ್ನು ಐದು ಹಾಳೆಗಳಲ್ಲಿ ಪ್ರಕಟಿಸಿದರು. ಸಾಲಾಗಿ ಜೋಡಿಸಿದರಷ್ಟೇ ನಗರ ಪೂರ್ತಿ. ನಿಮ್ಮದು ಅದರಲ್ಲೊಂದಾದರೆ ಕಟ್ಟಡಗಳ ಸಾಲು ಬಲಗಡೆ ಥಟ್ಟನೆ ನಿಲ್ಲುವುದು ಸಹಜ. ಮೊದಲು ಯಾವ ಹಾಳೆ ಎಂದು ನೋಡಿ. ವೆಸ್ಟ್‌ಮಿನ್‌ಸ್ಟರ್ ಎಡತುದಿ. ಮೇಲೆ ಮನೆಗಳಿರುವ ಲಂಡನ್ ಸೇತುವೆ, ಟವರ್ ಕೋಟೆ ಕಂಡರೆ ಅದೇ ಕೊನೆಯದು, ಆಗ ನನ್ನ ಊಹೆ ನಿಲ್ಲುವುದಿಲ್ಲ. ಆಮೇಲೆ ಚೌಕಟ್ಟಿನಿಂದ ತೆಗೆದು, ಅಚ್ಚು ಹಾಕುವಾಗ ತಾಮ್ರದ ತಗಡಿನ ಅಂಚು ಕಾಗದದ ಮೇಲೆ ಒತ್ತಿದ ಗುರುತು ನಾಲ್ಕೂ ಕಡೆ ಇದೆಯೇ ಪರೀಕ್ಷಿಸಿ. ಬಲಕ್ಕೆ ಮಾತ್ರ ಇಲ್ಲದಿದ್ದರೆ ಕತ್ತರಿ ಬಿದ್ದಿದೆ ಅನ್ನಿ. ಎಲ್ಲೂ ಇಲ್ಲವೇ? ಭೂತಗನ್ನಡಿ ಹಿಡಿಯಿರಿ, ಗೆರೆಗಳ ಬದಲು ಚುಕ್ಕಿಗಳ ಜಾಲ ಕಂಡರೆ ಇತ್ತೀಚಿನ ಮುದ್ರಣ. ಹಿಂದಿನ ರಟ್ಟಿಗೆ ಅಂಟಿಸಿದ್ದರೆ ಮಾತ್ರ ಕೀಳಲು ಹೋಗಬೇಡಿ, ಕಾಗದ ಸಂರಕ್ಷಣೆ ಬಲ್ಲವರಿಗೆ ಕೊಡಿ.