ತೆರೆಯದ ಲಕೋಟೆಗಳು: ಮುಂದೂಡುವಿಕೆಯ ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ವ್ಯಕ್ತಿಯನ್ನು ಇಲ್ಲಿ ‘ವಿ.’ ಎಂದು ಮಾತ್ರ ಕರೆಯುತ್ತೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅವರ ವಯಸ್ಸು 40ರ ಆಸುಪಾಸು. ಕಚೇರಿಯೊಂದರಲ್ಲಿ ಬೇರೆಯವರು ಬರೆದ ವರದಿಗಳನ್ನು ತಿದ್ದಿ, ಅಂಕಿಅಂಶಗಳನ್ನು ತಾಳೆ ನೋಡಿ, ಅಂತಿಮ ರೂಪಕ್ಕೆ ತರುವುದು ಅವರ ಕೆಲಸ. 16 ವರ್ಷಗಳ ನೌಕರಿಯಲ್ಲಿ ಒಂದು ವರದಿಯೂ ಅವರಿಂದಾಗಿ ತಡವಾದದ್ದಿಲ್ಲ. ಇಂಥವರ ಮನೆಯ ಮೇಜಿನ ಖಾನೆಯಲ್ಲಿ ವರ್ಷದಿಂದ ತೆರೆಯದ ಲಕೋಟೆಗಳು ರಾಶಿ ಬಿದ್ದಿದ್ದವು. ವಿಮೆಯ ಕಂತು ಕಟ್ಟುವಂತೆ ಬಂದ ಎರಡು ಜ್ಞಾಪನ ಪತ್ರಗಳೂ ಆ ರಾಶಿಯಲ್ಲೇ ಸೇರಿಹೋಗಿ, ಪಾಲಿಸಿ ರದ್ದಾಯಿತು. ಕೈಯಲ್ಲಿ ಹಣವಿತ್ತು, ಕಟ್ಟಲು ಹತ್ತು ನಿಮಿಷ ಸಾಕಿತ್ತು. ಪತಿಗೆ ವಿಷಯ ತಿಳಿದ ರಾತ್ರಿ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಅದಾದ ಮೂರನೆಯ ವಾರ ಅವರು ನನ್ನ ಬಳಿಗೆ ಬಂದರು. ಮೊದಲ ಎರಡು ವಾರಗಳ ಭೇಟಿಯನ್ನು ಅವರೇ ಫೋನ್ ಮಾಡಿ ಮುಂದಕ್ಕೆ ಹಾಕಿಸಿದ್ದರು.

“ನಾನು ಸೋಮಾರಿ, ಮೇಡಂ. ನಮ್ಮ ಮನೆಯವರೂ ಹಾಗೇ ಹೇಳುತ್ತಾರೆ, ನನಗೂ ಹಾಗೇ ಅನ್ನಿಸಿಬಿಟ್ಟಿದೆ” ಎಂಬುದು ಅವರ ಮೊದಲ ಮಾತು. ಆ ಪದವನ್ನು ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಸೋಮಾರಿಗೆ ಮಾಡದಿರುವುದರಲ್ಲಿ ಒಂದು ನೆಮ್ಮದಿಯಿರುತ್ತದೆ, ವಿ. ಅವರಿಗೆ ಅಂಥ ನೆಮ್ಮದಿ ಒಂದು ದಿನವೂ ಸಿಕ್ಕಿರಲಿಲ್ಲ. ಲಕೋಟೆಗಳನ್ನು ತೆರೆಯಬೇಕೆಂದುಕೊಂಡ ಭಾನುವಾರಗಳಲ್ಲಿ ಅವರು ಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಒರೆಸಿ ಮತ್ತೆ ಜೋಡಿಸುತ್ತಿದ್ದರು, ಮಕ್ಕಳ ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದರು, ಸಂಜೆಯ ಹೊತ್ತಿಗೆ ಸುಸ್ತಾಗಿ ಕೂತಾಗಲೂ ಕಣ್ಣು ಆ ಖಾನೆಯತ್ತಲೇ ಹೋಗುತ್ತಿತ್ತು. ತಡಮಾಡಿದರೆ ತನಗೇ ನಷ್ಟವೆಂದು ಗೊತ್ತಿದ್ದೂ, ಮಾಡಬೇಕೆಂದು ತಾನೇ ನಿಶ್ಚಯಿಸಿದ ಕೆಲಸವನ್ನು ಸ್ವಇಚ್ಛೆಯಿಂದ ತಡಮಾಡುವುದೇ ಮುಂದೂಡುವಿಕೆ ಎಂದು ಮನೋವಿಜ್ಞಾನಿ ಪಿಯರ್ಸ್ ಸ್ಟೀಲ್ ಅವರು 2007ರ ತಮ್ಮ ವಿಸ್ತೃತ ಸಮೀಕ್ಷೆಯಲ್ಲಿ ವಿವರಿಸಿದ್ದಾರೆ. ಕೆಲಸದ ಒತ್ತಡದಲ್ಲಿ ಲೆಕ್ಕ ಹಾಕಿ ಒಂದನ್ನು ನಾಳೆಗಿಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ‘ಗೊತ್ತಿದ್ದೂ’ ಎಂಬ ಒಂದು ಪದದಲ್ಲಿದೆ, ನೋವೂ ಅಲ್ಲಿಯೇ ಇದೆ.

ಮೊದಲ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ತಪ್ಪಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು. ಸಮಸ್ಯೆಯನ್ನು ಕೇಳಿದ ಕೂಡಲೇ ವೇಳಾಪಟ್ಟಿಯ ಮಾತೆತ್ತಿದೆ: ವಾರಕ್ಕೆ ಎರಡು ದಿನ, ದಿನಕ್ಕೆ ಅರ್ಧ ಗಂಟೆ, ಇಷ್ಟು ಲಕೋಟೆ. ಅವರು ಬಹಳ ಉತ್ಸಾಹದಿಂದ ಒಪ್ಪಿದರು. ಮುಂದಿನ ಭೇಟಿಗೆ ಬಣ್ಣಬಣ್ಣದ ಗೆರೆಗಳ, ಅಚ್ಚುಕಟ್ಟಾದ ಒಂದು ಪಟ್ಟಿಯನ್ನು ತಂದು ತೋರಿಸಿದರು. ಅದನ್ನು ಎರಡು ಸಲ ತಿದ್ದಿ ಹೊಸದಾಗಿ ಬರೆದಿದ್ದರು. ಒಂದು ಲಕೋಟೆಯೂ ತೆರೆದಿರಲಿಲ್ಲ. ಪಟ್ಟಿ ಮಾಡುವುದೇ ಕಪಾಟು ಒರೆಸುವ ಜಾಗಕ್ಕೆ ಬಂದು ಕೂತಿತ್ತು. ಕಚೇರಿಯಲ್ಲಿ ದಿನವಿಡೀ ಗಡುವುಗಳನ್ನು ಪಾಲಿಸುವವರಿಗೆ ಸಮಯ ನಿರ್ವಹಣೆಯನ್ನು ನಾನು ಕಲಿಸಹೊರಟದ್ದರಲ್ಲಿ ಅರ್ಥವಿರಲಿಲ್ಲ. ಅವರಲ್ಲಿ ಕೊರತೆಯಾಗಿದ್ದದ್ದು ಸಮಯವಲ್ಲ.

ಎರಡನೆಯ ಭೇಟಿಯಲ್ಲಿ ಪಟ್ಟಿಯನ್ನು ಪಕ್ಕಕ್ಕಿಟ್ಟು, ಒಂದು ವಾರ ಯಾವ ಲಕೋಟೆಯನ್ನೂ ತೆರೆಯಬೇಡಿ ಎಂದು ಕೇಳಿಕೊಂಡೆ. ಬದಲಿಗೆ, ಖಾನೆಯ ಹತ್ತಿರ ಹೋಗಿ ಹಿಂದಿರುಗಿದಾಗಲೆಲ್ಲ ಮೂರು ವಿಷಯಗಳನ್ನು ಪುಟ್ಟ ಪುಸ್ತಕದಲ್ಲಿ ಬರೆಯಬೇಕು: ಯಾವ ಕೆಲಸದಿಂದ ಹಿಂದೆ ಸರಿದಿರಿ, ಸರಿಯುವ ಕ್ಷಣದಲ್ಲಿ ಮನಸ್ಸಿಗೆ ಬಂದದ್ದೇನು, ಅದರ ಬದಲು ಏನು ಮಾಡಿದಿರಿ. ವಾರದ ಕೊನೆಗೆ 19 ನಮೂದುಗಳಿದ್ದವು. ‘ಬೇಜಾರು’ ಎಂದಿದ್ದದ್ದು ಮೂರು ಕಡೆ ಮಾತ್ರ. ಉಳಿದೆಡೆ ಹೀಗಿತ್ತು: ‘ಒಳಗೆ ದಂಡದ ನೋಟೀಸು ಇದ್ದರೆ?’, ‘ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ?’, ‘ಒಂದು ತೆರೆದರೆ ಎಲ್ಲವನ್ನೂ ತೆರೆಯಬೇಕಾಗುತ್ತದೆ’, ‘ನಾನು ಎಂಥವಳು ಎನ್ನುವುದು ಗೊತ್ತಾಗಿಬಿಡುತ್ತದೆ’. ಕೊನೆಯದನ್ನು ಬರೆದು ಹೊಡೆದುಹಾಕಿದ್ದರು, ಆದರೂ ಓದಲು ಬರುತ್ತಿತ್ತು.

ಈ ಪುಸ್ತಕವನ್ನು ನಡುವೆ ಇಟ್ಟುಕೊಂಡು ನಾವು ಮಾತನಾಡಿದೆವು. ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೊಥಿ ಪಿಚಿಲ್ ಎಂಬ ಸಂಶೋಧಕರು 2013ರಲ್ಲಿ ಮಂಡಿಸಿದ ವಿಚಾರವನ್ನು ಸರಳವಾಗಿ ವಿವರಿಸಿದೆ: ಮುಂದೂಡುವವರು ನಿಜವಾಗಿ ದೂರವಿಡುವುದು ಕೆಲಸವನ್ನಲ್ಲ, ಆ ಕೆಲಸ ಎಬ್ಬಿಸುವ ಅಹಿತಕರ ಭಾವನೆಯನ್ನು. ಖಾನೆ ಮುಚ್ಚಿದ ಕೂಡಲೇ ಎದೆಯ ಭಾರ ಇಳಿಯುತ್ತದೆ. ಆ ಇಳಿಕೆಯೇ ಬಹುಮಾನವಾಗಿ, ಮುಂದಿನ ಸಲ ಕೈ ಇನ್ನೂ ಬೇಗ ಖಾನೆ ಮುಚ್ಚುತ್ತದೆ. ಭಾರವನ್ನು ಇಳಿಸಿಕೊಂಡವರು ಇಂದಿನ ವಿ., ಹೊರುವವರು ಮುಂದಿನ ತಿಂಗಳ ವಿ. ಡಯಾನ್ ಟೈಸ್ ಮತ್ತು ರಾಯ್ ಬಾಮಿಸ್ಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಕೆಲಸ ಮುಂದೂಡುವ ವಿದ್ಯಾರ್ಥಿಗಳು ಶೈಕ್ಷಣಿಕ ಅವಧಿಯ ಆರಂಭದಲ್ಲಿ ಇತರರಿಗಿಂತ ಕಡಿಮೆ ಒತ್ತಡದಲ್ಲಿದ್ದು, ಕೊನೆಯ ಹೊತ್ತಿಗೆ ಹೆಚ್ಚು ಒತ್ತಡ, ಹೆಚ್ಚು ಅನಾರೋಗ್ಯ ಅನುಭವಿಸಿದ್ದರು, ಅಂಕಗಳನ್ನೂ ಕಡಿಮೆ ಪಡೆದಿದ್ದರು. ಇದನ್ನು ಕೇಳಿ ವಿ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕಚೇರಿಯಲ್ಲಿ ಯಾಕೆ ಹೀಗಾಗುವುದಿಲ್ಲ?” ಎಂದು ಕೇಳಿದರು. ಕಚೇರಿಯಲ್ಲಿ ಅವರು ತಿದ್ದುವುದು ಬೇರೆಯವರ ತಪ್ಪುಗಳನ್ನು. ಮನೆಯ ಖಾನೆಯಲ್ಲಿದ್ದವು ತಮ್ಮವೇ ಆಗಿರಬಹುದಾದ ತಪ್ಪುಗಳು. ಈ ಉತ್ತರವನ್ನು ನಾನು ಕೊಡಲಿಲ್ಲ. ಪುಸ್ತಕದ ನಮೂದುಗಳನ್ನು ಮತ್ತೊಮ್ಮೆ ಓದಿ ಅವರೇ ಕಂಡುಕೊಂಡರು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊದಲ ವಾರದಲ್ಲಿ ಲಕೋಟೆಯೊಂದನ್ನು ತೆರೆಯದಿದ್ದದ್ದಕ್ಕೆ ಕಾರಣ ಅದರೊಳಗೆ ಇರಬಹುದಾದದ್ದರ ಭಯ. ಆರನೆಯ ತಿಂಗಳಲ್ಲಿ ತೆರೆಯದಿರುವುದಕ್ಕೆ ಕಾರಣ ಆರು ತಿಂಗಳು ತೆರೆಯಲಿಲ್ಲವೆಂಬ ನಾಚಿಕೆ. ವಿಳಂಬವೇ ಮುಂದಿನ ವಿಳಂಬಕ್ಕೆ ಕಾರಣವಾಗಿ ಬೆಳೆಯುತ್ತದೆ. ‘ನಾಳೆ ಎಂದವನ ಮನೆ ಹಾಳು’ ಎಂಬ ಗಾದೆಯನ್ನು ವಿ. ಅವರಿಗೆ ಎಷ್ಟೋ ಜನ ಹೇಳಿದ್ದರು, ಅವರೂ ತಮಗೆ ತಾವೇ ಹೇಳಿಕೊಂಡಿದ್ದರು. ಗಾದೆಯಲ್ಲಿ ಸುಳ್ಳಿಲ್ಲ, ಆದರೆ ಆಗಲೇ ನಾಚಿಕೆಯಲ್ಲಿ ಮುಳುಗಿದವರಿಗೆ ಅದು ಇನ್ನಷ್ಟು ನಾಚಿಕೆಯನ್ನೇ ಸೇರಿಸುತ್ತದೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ವೋಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೆಯ ಪರೀಕ್ಷೆಯ ಹೊತ್ತಿಗೆ ಕಡಿಮೆ ಮುಂದೂಡಿದರು. ಕ್ಷಮಿಸಿಕೊಳ್ಳುವುದೆಂದರೆ ‘ಏನೂ ಆಗಿಲ್ಲ’ ಎಂದುಕೊಳ್ಳುವುದಲ್ಲ. ‘ಪಾಲಿಸಿ ರದ್ದಾದದ್ದು ನನ್ನಿಂದ, ಅದು ನಷ್ಟ, ಈಗ ಮುಂದಿನದನ್ನು ನೋಡುತ್ತೇನೆ’ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಲು ಸಾಧ್ಯವಾಗುವುದು. ವಿ. ಅವರಿಗೆ ಮೊದಲೆರಡನ್ನು ಹೇಳಲು ಬರುತ್ತಿತ್ತು, ಮೂರನೆಯದಕ್ಕೆ ಬರುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು.

ಅದರ ಮುಂದಿನ ಭೇಟಿಗೆ ಅಷ್ಟೂ ಲಕೋಟೆಗಳನ್ನು ಚೀಲದಲ್ಲಿ ತುಂಬಿ ತರಲು ಹೇಳಿದೆ. ನಿಯಮ ಒಂದೇ: ಇಂದು ತೆರೆಯುವುದು ಮಾತ್ರ, ಉತ್ತರಿಸುವುದು ಬೇಡ, ಕಟ್ಟುವುದು ಬೇಡ, ಯಾರಿಗೂ ಫೋನ್ ಮಾಡುವುದು ಬೇಡ. ತೆರೆಯುವುದನ್ನೂ ಪರಿಹರಿಸುವುದನ್ನೂ ಅವರು ಒಂದೇ ಕೆಲಸವೆಂದು ಭಾವಿಸಿದ್ದರಿಂದಲೇ ಅದು ಬೆಟ್ಟವಾಗಿತ್ತು. ನನ್ನ ಅನುಭವದಲ್ಲಿ ಮುಂದೂಡುವವರನ್ನು ಅತಿ ಹೆಚ್ಚು ಕಂಗೆಡಿಸುವುದು ಹೀಗೆ ಎರಡು ಬೇರೆ ಕೆಲಸಗಳು ಒಂದರೊಳಗೊಂದು ಅಂಟಿಕೊಂಡಿರುವುದು. 31 ಲಕೋಟೆಗಳನ್ನು ತೆರೆಯಲು 40 ನಿಮಿಷ ಹಿಡಿಯಿತು. ಮೊದಲ ನಾಲ್ಕಕ್ಕೇ ಹದಿನೈದು ನಿಮಿಷ. 18 ಪತ್ರಗಳಿಗೆ ಏನೂ ಮಾಡಬೇಕಾಗಿರಲಿಲ್ಲ, ಅವು ಕೇವಲ ಮಾಹಿತಿ. ಐದಕ್ಕೆ ಕಾಲ ಮೀರಿಹೋಗಿತ್ತು. ಅದನ್ನು ಸಿಹಿಮಾತಿನಿಂದ ಮುಚ್ಚಲು ನಾನು ಪ್ರಯತ್ನಿಸಲಿಲ್ಲ. ಉಳಿದ ಎಂಟಕ್ಕೆ ಮಾತ್ರ ಕೆಲಸವಿತ್ತು. ವರ್ಷವಿಡೀ ನಿದ್ದೆ ಕೆಡಿಸಿದ್ದು 31 ಲಕೋಟೆಗಳು, ಮಾಡಬೇಕಿದ್ದದ್ದು ಎಂಟು ಕೆಲಸ.

ಆ ಎಂಟರಲ್ಲಿ ಒಂದು ಪ್ರಯೋಗಾಲಯದಿಂದ ಬಂದ ವರದಿ: ಥೈರಾಯ್ಡ್ ಪರೀಕ್ಷೆಯನ್ನು ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ ಎಂಬ ಸೂಚನೆ. ಹತ್ತು ತಿಂಗಳಾಗಿತ್ತು. ಮಿಕ್ಕ ಏಳನ್ನು ಬಿಟ್ಟು ಅದನ್ನೇ ಮೊದಲು ಮಾಡಿಸಿದೆ. ವೈದ್ಯರು ಮಾತ್ರೆ ಆರಂಭಿಸಿದರು, ಹಗಲಿನ ಸುಸ್ತು ನಿಧಾನವಾಗಿ ಕಡಿಮೆಯಾಯಿತು. ಥೈರಾಯ್ಡ್ ಹಾರ್ಮೋನಿನ ಕೊರತೆ ಆಯಾಸವನ್ನೂ ಮಂಕನ್ನೂ ತರಬಲ್ಲದು, ಆದ್ದರಿಂದ ಮುಂದೂಡುವಿಕೆಯ ದೂರಿನೊಂದಿಗೆ ಬಂದವರ ದೇಹದ ಆರೋಗ್ಯ, ನಿದ್ದೆ, ಹಸಿವು, ಹಿಂದೆ ಇಷ್ಟವಾಗುತ್ತಿದ್ದವುಗಳಲ್ಲಿ ಈಗಲೂ ಇರುವ ಆಸಕ್ತಿ ಇವನ್ನೆಲ್ಲ ವಿಚಾರಿಸದೆ ನಾನು ಮುಂದುವರಿಯುವುದಿಲ್ಲ. ಖಿನ್ನತೆಯಲ್ಲಿ ಎದ್ದು ಸ್ನಾನ ಮಾಡುವುದೂ ನಾಳೆಗೆ ಹೋಗುತ್ತದೆ. ಬಾಲ್ಯದಿಂದಲೂ, ಎಲ್ಲ ಕಡೆಯೂ, ಗಮನ ನಿಲ್ಲಿಸುವುದೇ ಕಷ್ಟವಾಗಿರುವವರ ತೊಂದರೆ ಬೇರೆಯದೇ. ಅಂಥವರು ಮನೋವೈದ್ಯರನ್ನು ಕಾಣಬೇಕು. ವಿ. ಅವರಲ್ಲಿ ಈ ಎರಡರ ಲಕ್ಷಣಗಳೂ ಇರಲಿಲ್ಲ, ಮಾತ್ರೆಯಿಂದ ಸುಸ್ತು ಕಡಿಮೆಯಾದ ಮೇಲೂ ಖಾನೆಯ ಭಯ ಹಾಗೆಯೇ ಇತ್ತು.

ಹೊಸ ಲಕೋಟೆಗಳು ಮತ್ತೆ ರಾಶಿಯಾಗದಂತೆ ಕೊಟ್ಟ ಸಲಹೆ ತೀರ ಚಿಕ್ಕದು. ‘ಇನ್ನು ಮೇಲೆ ಎಲ್ಲವನ್ನೂ ಕೂಡಲೇ ನೋಡುತ್ತೇನೆ’ ಎಂಬ ಸಂಕಲ್ಪವನ್ನು ಬಿಟ್ಟು, ‘ಸಂಜೆ ಮನೆಗೆ ಬಂದು ಕೈ ಒರೆಸಿಕೊಂಡ ಕೂಡಲೇ, ನಿಂತುಕೊಂಡೇ, ಒಂದು ಲಕೋಟೆಯನ್ನು ಕತ್ತರಿಸುತ್ತೇನೆ’ ಎಂಬ ವಾಕ್ಯವನ್ನು ಅವರ ಕೈಯಲ್ಲೇ ಬರೆಸಿದೆ. ಹೀಗೆ ‘ಇದಾದ ಕೂಡಲೇ ಅದು’ ಎಂದು ಕ್ಷಣವನ್ನೂ ಕ್ರಿಯೆಯನ್ನೂ ಗಂಟು ಹಾಕುವ ಕ್ರಮವನ್ನು ಪೀಟರ್ ಗೋಲ್ವಿಟ್ಜರ್ ಅವರು 1990ರ ದಶಕದಿಂದ ಅಧ್ಯಯನ ಮಾಡಿದ್ದಾರೆ. ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ 94 ಪರೀಕ್ಷಣೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಯ ಸಂಕಲ್ಪಕ್ಕಿಂತ ಇದು ಕೆಲಸ ಈಡೇರಲು ಗಣನೀಯವಾಗಿ ನೆರವಾಗುತ್ತದೆಂದು ಕಂಡುಬಂದಿತು. ನಿರ್ಧಾರವನ್ನು ಮೊದಲೇ ಮಾಡಿಟ್ಟಿರುವುದರಿಂದ, ಭಯ ಎದ್ದ ಕ್ಷಣದಲ್ಲಿ ಅದರೊಂದಿಗೆ ವಾದಕ್ಕಿಳಿಯುವ ಅಗತ್ಯ ಬರುವುದಿಲ್ಲ.

ಪತಿಯನ್ನು ಒಮ್ಮೆ ಮಾತ್ರ ಭೇಟಿಯಾದೆ. ಕಾಳಜಿಯುಳ್ಳವರು, ಪಾಲಿಸಿಯ ಘಟನೆಯ ನಂತರ ದಿನಕ್ಕೆ ನಾಲ್ಕೈದು ಸಲ “ನೋಡಿದೆಯಾ?” ಎಂದು ಕೇಳುತ್ತಿದ್ದರು. ಕೇಳುವುದನ್ನು ಪೂರ್ತಿ ನಿಲ್ಲಿಸಿ, ವಿ. ಸಂಜೆ ಲಕೋಟೆ ತೆರೆಯುವ ಐದು ನಿಮಿಷ ಅದೇ ಕೋಣೆಯಲ್ಲಿ ತಮ್ಮ ಕೆಲಸ ಮಾಡುತ್ತ ಕೂರಿ ಎಂದೆ. ಅವರಿಗೆ ಇದು ಸುಲಭವಾಗಲಿಲ್ಲ, ಎರಡು ವಾರ ಬೇಕಾಯಿತು. ಪ್ರಶ್ನೆ ಕೇಳುವವರ ಎದುರು ಮನುಷ್ಯ ಕಾರಣಗಳನ್ನು ಹುಡುಕುತ್ತಾನೆ. ಜೊತೆಗೆ ಕೂತವರ ಎದುರು ಲಕೋಟೆಯನ್ನು ಹುಡುಕುವುದು ಸಾಧ್ಯ.

ಇಷ್ಟಾದರೂ ಒಂದು ಕೆಲಸ ಕದಲಲಿಲ್ಲ, ಅದು ಯಾವ ಲಕೋಟೆಯಲ್ಲೂ ಇರಲಿಲ್ಲ. ಆಪ್ತ ಗೆಳತಿಯ ತಾಯಿ ತೀರಿಕೊಂಡು ಎಂಟು ತಿಂಗಳಾಗಿತ್ತು, ವಿ. ಒಂದು ಸಾಂತ್ವನದ ಮಾತನ್ನೂ ಬರೆದಿರಲಿಲ್ಲ. ಮೊದಲ ವಾರ ‘ಸರಿಯಾದ ಮಾತು ಸಿಗಲಿ’ ಎಂದು ಕಾದರು. ಆ ವಾರ ಎರಡು ಸಾಲು ಸಾಕಾಗುತ್ತಿತ್ತು. ಎರಡನೆಯ ತಿಂಗಳಿಗೆ ಕ್ಷಮೆಯೂ ಬೇಕೆನಿಸಿತು. ಎಂಟನೆಯ ತಿಂಗಳಿಗೆ ಮೌನಕ್ಕೆ ಪೂರ್ತಿ ವಿವರಣೆ ಕೊಡುವ ಒಂದು ದೀರ್ಘ ಪತ್ರ ಮನಸ್ಸಿನಲ್ಲಿ ಬೆಳೆದು ನಿಂತಿತ್ತು, ಅದನ್ನು ಬರೆಯುವ ಶಕ್ತಿ ಯಾರಿಗೂ ಇರಲಾರದು. ತಡವಾದ ಉತ್ತರಗಳ ಬಗ್ಗೆ ನಾನು ಕೊಡುವ ಸಲಹೆ ಎಲ್ಲರಿಗೂ ಒಂದೇ: ತಡವಾದದ್ದಕ್ಕೆ ಒಂದು ವಾಕ್ಯ, ಕಾರಣಗಳಿಗೆ ಒಂದೂ ಇಲ್ಲ. ಕಾರಣಗಳು ನಮ್ಮನ್ನು ಕುರಿತವು, ಪತ್ರ ಇರುವುದು ಅವರಿಗಾಗಿ. ನನ್ನ ಎದುರೇ ಕೂತು ವಿ. ಬರೆದದ್ದು ಇಷ್ಟು: “ಅಮ್ಮ ಹೋದ ಸುದ್ದಿ ಕೇಳಿದಂದಿನಿಂದ ನಿನ್ನನ್ನು ನೆನೆಯದ ದಿನವಿಲ್ಲ. ಆಗಲೇ ಬರೆಯಬೇಕಿತ್ತು, ಬರೆಯಲಿಲ್ಲ, ಕ್ಷಮಿಸು. ನಿನ್ನೊಂದಿಗೆ ಮಾತನಾಡಬೇಕು, ಯಾವಾಗ ಫೋನ್ ಮಾಡಲಿ?” ಕಳಿಸಿದ ಮೇಲೆ ಬಹಳ ಹೊತ್ತು ಅತ್ತರು. ಗೆಳತಿ ಅಂದು ಸಂಜೆಯೇ ಫೋನ್ ಮಾಡಿದರಂತೆ. ಏನು ಮಾತಾಯಿತೆಂದು ನಾನು ಕೇಳಲಿಲ್ಲ.

ಒಟ್ಟು ಒಂಬತ್ತು ಭೇಟಿಗಳಾದವು. ಏಳನೆಯದನ್ನು ಅವರು ಮತ್ತೆ ಮುಂದಕ್ಕೆ ಹಾಕಿದರು: ಕಚೇರಿಯಲ್ಲಿ ವಾರ್ಷಿಕ ವರದಿಯ ಕೆಲಸವಿದೆ, ಮುಂದಿನ ಗುರುವಾರ 4 ಗಂಟೆಗೆ ಬರುತ್ತೇನೆ ಎಂದು ತಿಳಿಸಿ, ಹಾಗೆಯೇ ಬಂದರು. ಅದನ್ನು ನಾನು ಮುಂದೂಡುವಿಕೆ ಎಂದು ಬರೆದುಕೊಳ್ಳಲಿಲ್ಲ. ನಡುವೆ ಒಂದು ತಿಂಗಳು ಲಕೋಟೆಗಳು ಮತ್ತೆ ಆರೇಳು ಸೇರಿದ್ದವು. ಆ ಸಲ ಅವರು ಚೀಲ ತರದೆ ಮನೆಯಲ್ಲೇ ಒಂದು ಸಂಜೆ ಕೂತು ಮುಗಿಸಿದರು.

ಆರು ತಿಂಗಳ ನಂತರ ಮಾಹಿತಿಗಾಗಿ ಕರೆದಾಗ, ಖಾನೆಯಲ್ಲಿ ಒಂದೇ ಲಕೋಟೆ ಇದೆ, ಬಂದು ಐದು ದಿನವಾಯಿತು ಎಂದರು. ಬಾಕಿ ಕಂತುಗಳನ್ನು ಬಡ್ಡಿಸಹಿತ ಕಟ್ಟಿ ಪಾಲಿಸಿಯನ್ನು ಮತ್ತೆ ಊರ್ಜಿತಗೊಳಿಸಲು ಅವರು ಅರ್ಜಿ ಹಾಕಿದ್ದರು, ಅದಕ್ಕೆ ಬಂದ ಉತ್ತರ ಅದು. “ಇಲ್ಲ ಅಂದುಬಿಟ್ಟಿದ್ದರೆ ಎಂದು ಹೆದರಿಕೆ, ಮೇಡಂ. ಹೆದರಿಕೆ ಎಂದು ಗೊತ್ತಾಗಿದೆ, ಆದರೂ ಇದೆ.” ಇಂದು ಸಂಜೆ ಮನೆಯವರು ಕೋಣೆಯಲ್ಲಿದ್ದಾಗ ತೆರೆಯುತ್ತೇನೆ ಎಂದರು. ರಾತ್ರಿ 8 ಗಂಟೆಗೆ ಸಂದೇಶ ಬಂತು: “ತೆರೆದೆ. ಇನ್ನೊಂದು ದಾಖಲೆ ಕೇಳಿದ್ದಾರೆ. ನಾಳೆ 10 ಗಂಟೆಗೆ ಕಳಿಸುತ್ತೇನೆ.”